ಬೊಟ್ಟಿಯ ಬಲಗಿವಿ

ಆಗೆಲ್ಲ ನಮ್ಮ ಮನೆಯಿಂದ ಸಾಲ ನಾಲ್ಕು ಕಾಲಿನ ಮೇಲೆ ನಡೆದುಕೊಂಡು ಹೋಗುತ್ತಿತ್ತು. ನೆಂಟರು ಯಾರಾದರೂ ಬಂದು, ಟೀ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ ತಲೆ ಕೆರೆದುಕೊಳ್ಳುತ್ತ ಸ್ವಲ್ಪ ತಾಪತ್ರಯ ಐತೆ ಎಂದರೆ ನಮ್ಮ ಅಜ್ಜಿ ಟ್ರಂಕಿನ ಕಡೆ ಕಣ್ಣು ಕೂಡ ಹಾಯಿಸುತ್ತಿರಲಿಲ್ಲ. ಎದ್ದು ಸೀದಾ ಕುರಿ ರೊಪ್ಪದ ಕಡೆ ನಡೆಯುತ್ತಿದ್ದಳು. ದುಡ್ಡು ಕೇಳಲು ಬಂದವರು ಸಂಜೆ ಹೊತ್ತಿಗೆ ಮೂರೋ ನಾಲ್ಕೋ ಕುರಿ ಹೊಡೆದುಕೊಂಡು, ಪೆಚ್ಚುಮುಖ ಹಾಕಿಕೊಂಡು ಹೋಗುವುದನ್ನು ನಾವು ಮಕ್ಕಳು ರೊಪ್ಪದ ಗೋಡೆ ಮೇಲೆ ಕೂತು ನೋಡಿ ಕಿಸಕ್ಕನೆ ನಗುತ್ತಿದ್ದೆವು.

ನಮ್ಮದು ಹಿರೇಗುಂಟನೂರಿನಿಂದ ಒಂದೆರಡು ಮೈಲಿ ಒಳಗಿರುವ ಸಣ್ಣ ಹಟ್ಟಿ. ಮೂವತ್ತು ಮನೆ, ಮನೆಗಿಂತ ಹೆಚ್ಚು ನಾಯಿ, ನಾಯಿಗಿಂತ ಎಷ್ಟೋ ಪಟ್ಟು ಕುರಿ. ಬೆಳಗ್ಗೆ ಎದ್ದು ರೊಪ್ಪದ ಬಾಗಿಲು ತೆಗೆದರೆ ಹಿಕ್ಕೆಯ ಬಿಸಿ ವಾಸನೆ, ಒದ್ದೆ ಕಂಬಳಿಯ ವಾಸನೆ, ಅವ್ವ ಒಲೆ ಮೇಲೆ ಹುರಿಯುತ್ತಿದ್ದ ಹುರುಳಿಯ ವಾಸನೆ ಎಲ್ಲ ಕೂಡಿ ಮೂಗಿಗೆ ಬರುತ್ತಿತ್ತು. ಮುಂದೆ ಹಾಸ್ಟೆಲ್ಲಿಗೆ ಹೋದಾಗ ನನ್ನ ಬಟ್ಟೆಗೆ ಕುರಿ ವಾಸನೆ ಎಂದು ಮೂಗು ಮುಚ್ಚಿಕೊಂಡವರಿದ್ದರು. ಮುಚ್ಚಿಕೊಳ್ಳಲಿ ಬಿಡಿ. ಆ ವಾಸನೆಯಿಂದಲೇ ನಾನು ಓದಿದ್ದು, ಅದಕ್ಕೆ ನಾಚಿಕೊಳ್ಳುವವಳು ನಾನಲ್ಲ.

ಮನೆಗೆ ಯಜಮಾನ ನಮ್ಮಪ್ಪ. ಕುರಿಗೆ ಮಾತ್ರ ಅಜ್ಜಿಯೇ ಯಜಮಾನಿ. ಕೆಂಚಮ್ಮ ಅಂತ ಹೆಸರು, ಸಣ್ಣ ಆಳು, ಜೋರು ದನಿ. ನೆಂಟರಿಗೆ ನಗದು ಕೊಡಬಾರದೆಂಬ ಕಟ್ಟುನಿಟ್ಟು ಅವಳಿಗೆ ಸುಮ್ಮನೆ ಬಂದದ್ದಲ್ಲ. ಅವಳ ತವರು ಹಿರಿಯೂರು ಕಡೆ. ನಾನು ಹುಟ್ಟುವುದಕ್ಕೆ ಮೊದಲು ಅವಳ ತಮ್ಮ ಬೋರು ಕೊರೆಸಲು ದುಡ್ಡು ಕೇಳಿದ್ದನಂತೆ. ಇವಳು ಇಪ್ಪತ್ತು ಟಗರು ಮಾರಿ ಎಣಿಸಿ ಕೊಟ್ಟಳು. ಬೋರಿನಲ್ಲಿ ಬಂದದ್ದು ಬರೀ ಧೂಳು. ತಮ್ಮ ಮೋಸಗಾರನಲ್ಲ, ಪಾಪ, ನಾಚಿಕೆ ಸ್ವಭಾವದವನು. ಮೊದಲ ವರ್ಷ ಪಂಚಮಿಗೆ ಅಕ್ಕನನ್ನು ಕರೆಯಲು ಬರಲಿಲ್ಲ. ಎರಡನೇ ವರ್ಷ ಮಗಳ ಮದುವೆಗೆ ಬೇರೆ ಯಾರದೋ ಕೈಲಿ ಲಗ್ನಪತ್ರಿಕೆ ಕಳಿಸಿದ. ಆಮೇಲೆ ಒಂದು ದಿನ ಅಜ್ಜಿಗೆ ಅವಳ ತಾಯಿ ತೀರಿಕೊಂಡ ಸುದ್ದಿ ಮಣ್ಣು ಮಾಡಿದ ಮೂರನೇ ದಿನ ಗೊತ್ತಾಯಿತು. ಅಕ್ಕನ ಮುಖ ನೋಡಲಾರದೆ ತಮ್ಮ ಸುದ್ದಿಯನ್ನೇ ಮುಟ್ಟಿಸಿರಲಿಲ್ಲ. ಇಪ್ಪತ್ತು ಟಗರು ಹೋದದ್ದಕ್ಕೆ ಅಜ್ಜಿ ಎಂದೂ ಅತ್ತವಳಲ್ಲ. ತಾಯಿಯ ಮುಖ ಕಾಣದೆ ಹೋದದ್ದನ್ನು ಮಾತ್ರ ಸಾಯುವವರೆಗೂ ಹೇಳಿಕೊಂಡು ಅಳುತ್ತಿದ್ದಳು.

ಅಂದಿನಿಂದ ಅವಳು ಪಾಲಿಗೆ ಕುರಿ ಕೊಡುವ ಹಳೇ ಪದ್ಧತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಾಯಿಕುರಿ ನಮ್ಮದೇ, ಮೇಯಿಸುವುದು ಅವರು. ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಅವರು ತಮ್ಮ ಪಾಲಿನ ಮರಿ ಮಾರಿ ತಾಪತ್ರಯ ಕಳೆದುಕೊಳ್ಳಬೇಕು. ಕುರಿಯನ್ನು ಮಾರಿಕೊಂಡರೆ ಅದರ ಬೆಲೆ ಕಟ್ಟಿಕೊಡಬೇಕು. ರೋಗ ಬಂದು ಸತ್ತರೆ ಅದರ ಕಿವಿ ಕೊಯ್ದು, ಉಪ್ಪು ಹಚ್ಚಿ ಒಣಗಿಸಿ, ತಂದು ಅಜ್ಜಿಯ ಮುಂದೆ ಇಡಬೇಕು. ಇಟ್ಟರೆ ಮುಗಿಯಿತು. ಸತ್ತದ್ದು ನಮ್ಮ ಲೆಕ್ಕಕ್ಕೆ, ಅವರು ಒಂದು ಪೈಸೆ ಕೊಡಬೇಕಿಲ್ಲ, ತಲೆ ತಗ್ಗಿಸಬೇಕಿಲ್ಲ, ಊಟ ಮಾಡಿಕೊಂಡು ಹೋಗಬಹುದು. ದುಡ್ಡು ಹೋದರೆ ಹೋಗಿದ್ದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಜನ ತಪ್ಪಿಸಿಕೊಂಡು ತಿರುಗುತ್ತಾರೆ, ಕುರಿಯಾದರೆ ಕಿವಿ ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದಳು. ನನಗೆ ಆಗ ಅದರ ಅರ್ಥ ಆಗುತ್ತಿರಲಿಲ್ಲ. ಕಿವಿ ನೋಡಿದರೆ ಅಸಹ್ಯ ಅಷ್ಟೇ.

ಈಗ ನನ್ನ ಬೊಟ್ಟಿಯ ವಿಷಯಕ್ಕೆ ಬರುತ್ತೇನೆ. ನನಗೆ ಆರು ವರ್ಷವಾದಾಗ ಅಜ್ಜಿ ಒಂದು ಹೆಣ್ಣುಮರಿಯನ್ನು ನನ್ನ ಹೆಸರಿಗೆ ಬಿಟ್ಟಳು. ಮೈಯೆಲ್ಲ ಕಪ್ಪು, ಹಣೆಯಲ್ಲಿ ಮಾತ್ರ ಒಂದು ಬಿಳಿ ಬೊಟ್ಟು. ಅದರ ಎಡಗಿವಿಯಲ್ಲಿ ನಮ್ಮ ಮನೆಯ ಗುರುತಾಗಿ ಸಣ್ಣ ಕಚ್ಚು ಹಾಕಿ ಆಗಿತ್ತು. ನಮ್ಮ ಎಲ್ಲ ಕುರಿಗೂ ಎಡಗಿವಿಯ ಅಂಚಿನಲ್ಲಿ ಬೇವಿನೆಲೆಯ ತುದಿಯಷ್ಟು ಕಚ್ಚು ಇರುತ್ತಿತ್ತು. ಅದೇ ವಾರ ಆಚಾರಿ ಬಂದು ನನ್ನ ಕಿವಿ ಚುಚ್ಚಿದ. ನಾನು ಹಟ್ಟಿಯೆಲ್ಲ ಕೇಳುವ ಹಾಗೆ ಅತ್ತೆ. ಅತ್ತು ಮುಗಿದ ಮೇಲೆ ನನಗೊಬ್ಬಳಿಗೇ ಯಾಕೆ ಈ ಸಂಕಟ ಅನ್ನಿಸಿತು. ಕಂಬಳಿ ಹೊಲಿಯುವ ದಬ್ಬಳ ತೆಗೆದುಕೊಂಡು ಹೋಗಿ ಬೊಟ್ಟಿಯ ಬಲಗಿವಿಗೆ ಚುಚ್ಚಿ, ನನಗೆ ಹಾಕಿದ ಹಾಗೆಯೇ ಒಂದು ಬೇವಿನ ಕಡ್ಡಿ ಸಿಕ್ಕಿಸಿದೆ. ಅವ್ವನ ಕೈಲಿ ಬಿದ್ದ ಪೆಟ್ಟು ಇನ್ನೂ ನೆನಪಿದೆ. ಕಡ್ಡಿ ಎರಡೇ ದಿನಕ್ಕೆ ಬಿದ್ದುಹೋಯಿತು. ತೂತು ಉಳಿಯಿತು. ಕೂದಲು ಸರಿಸಿ ಬೆರಳಲ್ಲಿ ತಡವಿದರೆ ಮಾತ್ರ ಸಿಗುತ್ತಿತ್ತು, ಅದು ನನಗೆ ಬಿಟ್ಟರೆ ಇನ್ನೊಬ್ಬರಿಗೆ ನೆನಪಿರಲಿಲ್ಲ.

ಬೊಟ್ಟಿ ಬೆಳೆದು ಹಿಂಡಿಗೆ ಮುಂದಾಳಾಯಿತು. ಅದು ಮುಂದೆ ನಡೆದರೆ ಉಳಿದವು ಹಿಂದೆ. ಅದರ ಮರಿ ಮಾರಿದ ದುಡ್ಡಲ್ಲಿ ನನ್ನನ್ನು ಎಂಟನೇ ಕ್ಲಾಸಿಗೆ ಸಿರಿಗೆರೆಯ ಹಾಸ್ಟೆಲ್ಲಿಗೆ ಹಾಕುವುದೆಂದು ಅಜ್ಜಿ ತೀರ್ಮಾನ ಮಾಡಿದ್ದಳು. ನಮ್ಮ ಹಟ್ಟಿಯಿಂದ ಹೆಣ್ಣುಮಕ್ಕಳು ಯಾರೂ ಏಳನೆಯದು ದಾಟಿರಲಿಲ್ಲ. ನಾನು ದಾಟುತ್ತೇನೆ ಎಂದು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಬೊಟ್ಟಿಗೆ ಹುಡುಗರು 'ಹಾಸ್ಟೆಲ್ ಕುರಿ' ಎಂದು ಹೆಸರಿಟ್ಟಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ರೇವಣ್ಣ ಮಾವ ಬಂದ. ಅಪ್ಪನ ತಂಗಿ ಗಂಗತ್ತೆಯ ಗಂಡ, ಹೊಸದುರ್ಗದ ಹತ್ತಿರದ ಊರು. ಅವರದೂ ಕುರಿ ಕಾಯುವ ವಂಶವೇ, ಆದರೆ ಅವರ ತಾತನ ಕಾಲಕ್ಕೇ ಕುರಿ ಬಿಟ್ಟು ಹೊಲ ಹಿಡಿದಿದ್ದರು. ಮಾವ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತಿದ್ದ. ಹೊಸದುರ್ಗದಲ್ಲಿ ಸ್ವಂತ ಅಂಗಡಿ ಹಾಕಬೇಕು, ಹದಿನೈದು ಸಾವಿರ ಬೇಕು ಎಂದು ಕೇಳಿದ. ಅಪ್ಪ ಆಗಲೇ ಹೂಂ ಎನ್ನುವವನಿದ್ದ. ಅಜ್ಜಿ ಅಷ್ಟರಲ್ಲಿ ಎದ್ದು ರೊಪ್ಪದ ಕಡೆ ಹೊರಟಿದ್ದಳು.

ಹನ್ನೊಂದು ಕುರಿ ಆರಿಸಿದಳು. ಮುಂದಾಳಿಲ್ಲದೆ ಅವು ಹೊಸ ಊರಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಬೊಟ್ಟಿಯೂ ಹೋಗಬೇಕಿತ್ತು. ಅಜ್ಜಿ ನನ್ನ ಕಡೆ ಕೈ ತೋರಿಸಿ ಮಾವನಿಗೆ ಹೇಳಿದಳು:

"ಇದು ನಂದಲ್ಲ, ಬಾಗಿದು. ಅವಳ್ನ ಕೇಳ್ರಿ."

ಮಾವ ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಮೀಸೆ ಬಂದ ಗಂಡಸು, ಪ್ಯಾಂಟು ಹಾಕಿದವನು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಬಾಗಮ್ಮ, ನಿನ್ನ ಕುರಿ ಪಾಲಿಗೆ ಕೊಡ್ತೀಯೇನವ್ವ? ಚೆನ್ನಾಗಿ ನೋಡ್ಕಂತೀನಿ" ಎಂದ. ಅಲ್ಲಿಯವರೆಗೆ ನನ್ನನ್ನು ಯಾರೂ ಬಾಗಮ್ಮ ಎಂದಿರಲಿಲ್ಲ. ಬಾಗಿ, ಲೇ ಬಾಗಿ, ಇಷ್ಟೇ. ಎದೆ ಉಬ್ಬಿಹೋಯಿತು. ಕೊಡ್ತೀನಿ ಅಂದೆ. ಕುರಿ ಹೋದ ಮೇಲೆ ಎರಡು ದಿನ ಉಣ್ಣಲಿಲ್ಲ ಎನ್ನುವುದು ಬೇರೆ ಮಾತು. ಹೊರಡುವಾಗ ಅಜ್ಜಿ ಮಾವನಿಗೆ, ಸತ್ತರೆ ಕಿವಿ ತಗೊಂಡು ಬರ್ರಿ ಎಂದಷ್ಟೇ ಹೇಳಿದ್ದು ನನ್ನ ಕಿವಿಯಾರೆ ಕೇಳಿದ್ದೇನೆ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಕುರಿಯವರ ಮನೆಯಲ್ಲಿ ಹುಟ್ಟಿದ ಕೂಸಿಗೂ ಯಾವ ಕಿವಿ ಎಂದು ಗೊತ್ತಿರುತ್ತದೆ.

ಮುಂದಿನ ವರ್ಷ, ನಾನು ಏಳನೇ ಕ್ಲಾಸು. ಆಷಾಢದಲ್ಲಿ ನಮ್ಮ ಕಡೆ ಕಾಣದಂಥ ಮಳೆ ಹಿಡಿಯಿತು. ನೆಲ ಆರಲೇ ಇಲ್ಲ. ಕುರಿಗಳು ಬಾಯಿ ಊದಿಕೊಂಡು, ಜೊಲ್ಲು ಸುರಿದು, ಕಾಲು ಕುಂಟುತ್ತ ಬಿದ್ದು ಸಾಯತೊಡಗಿದವು. ಈಗ ನನಗೆ ಆ ರೋಗದ ಹೆಸರು ಗೊತ್ತು, ನೀಲಿ ನಾಲಿಗೆ. ಆಗ ಹಟ್ಟಿಯಲ್ಲಿ ಬಾಯಿಬೇನೆ ಎನ್ನುತ್ತಿದ್ದರು. ನಮ್ಮಲ್ಲೂ ಒಂಬತ್ತು ಹೋದವು. ಹೊಸದುರ್ಗದ ಕಡೆ ಏನಾಗಿದೆಯೋ ತಿಳಿಯಲು ಫೋನೆಲ್ಲಿ? ಪಂಚಮಿಗೆ ಅಪ್ಪ ಗಂಗತ್ತೆಯನ್ನು ಕರೆತಂದಾಗ, ಎರಡು ಕುರಿಗೆ ಬಾಯಿ ಊದಿದೆ, ನೀನು ಹೋಗು ನಾನು ನೋಡಿಕೊಳ್ಳುತ್ತೇನೆ ಎಂದು ಮಾವ ಕಳಿಸಿದನೆಂದು ಅತ್ತೆ ಹೇಳಿದಳು. ಯಾವ ಎರಡು ಎಂದು ನಾನು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ.

ಪಂಚಮಿ ಎಂದರೆ ನಮಗೆ ತಂಬಿಟ್ಟು, ಎಳ್ಳುಂಡೆ, ಜೋಳದ ಅರಳು. ಬೇವಿನ ಮರಕ್ಕೆ ಜೋಕಾಲಿ. ಗಂಗತ್ತೆ ಜೀಕಿದರೆ ಕಾಲ್ಬೆರಳು ಮೇಲಿನ ಕೊಂಬೆ ಮುಟ್ಟುತ್ತಿತ್ತು. ಹಟ್ಟಿಯ ಸೊಸೆಯರೆಲ್ಲ ನೋಡಿ ಬಾಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಹಬ್ಬ ಕಳೆದು ಹನ್ನೆರಡನೇ ದಿನವೋ ಏನೋ, ಮಾವ ಅತ್ತೆಯನ್ನು ಕರೆದುಕೊಂಡು ಹೋಗಲು ಬಂದ. ಅಳಿಯ ಬಂದನೆಂದು ಅವ್ವ ಹೋಳಿಗೆಗೆ ಬೇಳೆ ಬೇಯಲು ಇಟ್ಟಳು. ಮಾವ ಸೊರಗಿದ್ದ. ಕೈಕಾಲು ತೊಳೆದು, ಕೂರುವ ಮೊದಲೇ ಚೀಲದಿಂದ ಒಂದು ಬಿಳಿ ಬಟ್ಟೆಯ ಗಂಟು ತೆಗೆದು ಅಜ್ಜಿಯ ಮುಂದೆ ಇಟ್ಟ. ಅದರಲ್ಲಿ ಆರು ಕಿವಿ ಇದ್ದವು.

ಅಜ್ಜಿ ಅವನ್ನು ಮೊರಕ್ಕೆ ಸುರಿದುಕೊಂಡು ಒಂದೊಂದೇ ತೆಗೆದು ಅಂಚು ಸವರಿ ನೋಡಿದಳು. ಆರನೆಯದನ್ನು ನೋಡಿ ಮತ್ತೆ ಮೊದಲನೆಯದಕ್ಕೆ ಹೋದಳು. ಅವಳ ಮುಖ ಕಪ್ಪಿಟ್ಟಿತು.

"ಇದ್ರಾಗೆ ನಮ್ಮ ಗುರ್ತು ಇಲ್ಲ" ಎಂದಳು, ಮೆಲ್ಲಗೆ.

ಅಪ್ಪ ಮುಂಗೋಪಿ. ಮೊರ ಎಳೆದುಕೊಂಡು ನೋಡಿದ. ಆರೂ ಬಲಗಿವಿ, ಆರೂ ನೆಟ್ಟಗಿದ್ದವು, ಒಂದರಲ್ಲೂ ಕಚ್ಚಿಲ್ಲ. ಬಲಗಿವಿ ಯಾರ ಕುರಿಯದಾದರೂ ಆದೀತು. ಅಪ್ಪ ಹಲ್ಲು ಕಚ್ಚಿ ಅಂದ:

"ಭಾವ, ಕುರಿ ಮಾರ್ಕಂಡಿದ್ರೆ ಮಾರ್ಕಂಡೆ ಅನ್ರಿ. ಮಟನ್ ಅಂಗಡಿ ಕಿವಿ ಆರಿಸ್ಕಂಡು ಬಂದು ನಮ್ಮವ್ವನ ಮುಂದೆ ಇಡ್ತೀರಾ?"

ಮಾವನಿಗೆ ಏನೂ ಅರ್ಥವಾಗಲಿಲ್ಲ. ಅವತ್ತಿನ ಅವನ ಕಣ್ಣು ನೆನೆಸಿಕೊಂಡರೆ ಅದು ಈಗ ನನಗೆ ಗೊತ್ತಾಗುತ್ತದೆ. ಆದರೆ ಮಟನ್ ಅಂಗಡಿ ಎಂಬ ಮಾತು ಅವನಿಗೆ ನಾಟಿತು. ಅವನೂ ಮಾನವಂತ. ವಾದ ಮಾಡಲಿಲ್ಲ. ಎದ್ದು ನಿಂತು, ಆರು ಕುರಿಗೆ ಎಷ್ಟಾಗುತ್ತದೆ ಹೇಳಿ, ಈಗಷ್ಟೇ ಹಾಕಿದ ಅಂಗಡಿಯ ಸಾಮಾನು ಮಾರಿಯಾದರೂ ತಂದುಕೊಡುತ್ತೇನೆ ಎಂದ. ಗಂಗತ್ತೆ ತನ್ನ ಚೀಲ ಎತ್ತಿಕೊಂಡಳು. ಅಪ್ಪ, ಲೆಕ್ಕ ಮುಗಿಯುವವರೆಗೂ ನೀನು ಇಲ್ಲೇ ಇರು ಎಂದು ಅಬ್ಬರಿಸಿದ. ಅತ್ತೆ ಚೀಲ ಹಿಡಿದುಕೊಂಡೇ ಕಂಬಕ್ಕೆ ಒರಗಿ ನಿಂತುಬಿಟ್ಟಳು. ಗಂಡನ ಕಡೆ ನೋಡಲಿಲ್ಲ, ಅಣ್ಣನ ಕಡೆಯೂ ನೋಡಲಿಲ್ಲ. ಹೋಳಿಗೆಯ ಮೊದಲ ಒಬ್ಬೆ ಹಂಚಿನ ಮೇಲಿದ್ದಾಗ ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಳಿಯ ಉಣ್ಣದೆ ನಮ್ಮ ಮನೆಯಿಂದ ಹೋದದ್ದು ಅದೇ ಮೊದಲು.

ಅಜ್ಜಿ ಗೋಡೆಗೆ ಮುಖ ಮಾಡಿ ಕೂತಳು. ತಮ್ಮನನ್ನು ಕಳೆದುಕೊಂಡಿದ್ದಳು, ಈಗ ಮಗಳ ಮನೆಯೂ ಹೋಯಿತು. ಅಪ್ಪ ಮಾತ್ರ ಇನ್ನೂ ಕುದಿಯುತ್ತಿದ್ದ. ಆರು ಕುರಿ ದುಡ್ಡು ಬಿಡುವುದಿಲ್ಲ, ಮುಂದಿನ ಜೂನಿಗೆ ಬಾಗಿಯ ಹಾಸ್ಟೆಲ್ ಖರ್ಚು ಅದರಲ್ಲೇ ಆಗುತ್ತದೆ ಎಂದು ಅವ್ವನಿಗೆ ಹೇಳುತ್ತಿದ್ದ. ಅದು ನನಗೆ ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಮಾವ ಮಾರಿಕೊಂಡಿದ್ದರೆ ಬೊಟ್ಟಿ ಎಲ್ಲೋ ಬದುಕಿರಬಹುದು ಎಂಬ ಆಸೆ ಬೇರೆ.

ನಾಯಿ ಮೊರದ ಹತ್ತಿರ ಮೂಸುತ್ತ ಬಂತು. ಹಚಾ ಎಂದು ಓಡಿಸಿ, ಕಿವಿಗಳನ್ನು ಮೇಲೆ ಎತ್ತಿಡಲು ಬಾಚಿಕೊಂಡೆ. ಉಪ್ಪು ಮೆತ್ತಿಕೊಂಡು ಒಣಚರ್ಮದ ಹಾಗೆ ಗಡುಸಾಗಿದ್ದವು. ಒಂದರಲ್ಲಿ ನನ್ನ ಬೆರಳಿಗೆ ಏನೋ ಸಿಕ್ಕಿತು. ಕೂದಲು ಸರಿಸಿದೆ. ತೂತು. ಬೇವಿನ ಕಡ್ಡಿ ಹೋಗುವಷ್ಟು.

ಎತ್ತಿಕೊಂಡು ಹಿತ್ತಲಿಗೆ ಹೋದೆ. ಲಂಗದ ಜೇಬಿನಲ್ಲಿ ಒಂದು ಎಳ್ಳುಂಡೆ ಇತ್ತು. ಅದನ್ನು ತಿನ್ನುವಷ್ಟು ಹೊತ್ತು ನಾನು ಸುಮ್ಮನೆ ಇದ್ದೆ. ಬೊಟ್ಟಿ ಸತ್ತಿದೆ. ಮಾವ ಹೇಳಿದ್ದು ನಿಜ. ಹೇಳಿದರೆ ಸತ್ತ ಕುರಿ ನಮ್ಮ ಲೆಕ್ಕ, ಒಂದು ಪೈಸೆ ಬರುವುದಿಲ್ಲ, ನನ್ನ ಸಿರಿಗೆರೆ ಹೋಯಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ತೂತಿನ ವಿಷಯ ಪ್ರಪಂಚದಲ್ಲಿ ನೆನಪಿರುವುದು ನನಗೊಬ್ಬಳಿಗೇ. ಒಲೆಗೆ ಹಾಕಿದರೆ ಅದೂ ಇಲ್ಲ. ಎಳ್ಳುಂಡೆ ಬಾಯಲ್ಲಿ ಮಣ್ಣಿನ ಹಾಗಿತ್ತು. ಹಿತ್ತಲಿನಿಂದ ನೋಡಿದರೆ ಗಂಗತ್ತೆ ಇನ್ನೂ ಅದೇ ಕಂಬಕ್ಕೆ, ಅದೇ ಚೀಲ ಹಿಡಿದು ನಿಂತಿದ್ದಳು. ಜೋಕಾಲಿ ಜೀಕಿ ಕೊಂಬೆ ಮುಟ್ಟಿದವಳು. ನನ್ನನ್ನು ಬಾಗಮ್ಮ ಎಂದು ಕರೆದಿದ್ದ ಒಬ್ಬನೇ ಒಬ್ಬ ಮನುಷ್ಯ ಬಸ್‌ಸ್ಟಾಪಿನ ಕಡೆ ಉಣ್ಣದೆ ನಡೆದು ಹೋಗುತ್ತಿದ್ದ.

ಹೋಗಿ ಅಜ್ಜಿಯ ಮಡಿಲಿಗೆ ಕಿವಿ ಹಾಕಿದೆ. "ಇದು ಬೊಟ್ಟಿದು. ನಾನೇ ಚುಚ್ಚಿದ್ದೆ" ಎಂದೆ.

ಅಜ್ಜಿ ತೂತಿಗೆ ಬೆರಳಿಟ್ಟು ನೋಡಿದಳು. ನನ್ನನ್ನು ನೋಡಿದಳು. ಇನ್ನೊಮ್ಮೆ ತೂತು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು, ಹೊಸದುರ್ಗದ ಬಸ್ಸು ಹೋಯಿತೇನೇ ಎಂದು. ಉತ್ತರಕ್ಕೂ ಕಾಯಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಓಡಿದಳು. ಅರವತ್ತೈದು ದಾಟಿದ ಹೆಂಗಸು, ಮಂಡಿನೋವೆಂದು ರಾತ್ರಿಯೆಲ್ಲ ನನ್ನ ಕೈಲಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದವಳು, ಒಂದು ಮೈಲಿ ಕೆಸರಿನಲ್ಲಿ ಓಡಿದಳು. ನಾನು ಹಿಂದೆ. ನನ್ನ ಹಿಂದೆ ನಾಯಿ. ಹಟ್ಟಿಯವರು ಕುರಿಗೆ ತೋಳ ಬಿತ್ತೆಂದು ದೊಣ್ಣೆ ಹಿಡಿದು ಹೊರಗೆ ಬಂದರು.

ಕ್ರಾಸಿನ ಹುಣಸೆ ಮರದ ಕೆಳಗೆ ಬಸ್ಸು ನಿಂತಿತ್ತು. ಮಾವ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದ. ಅಜ್ಜಿ ಬಸ್ಸಿನ ಮೂತಿಗೆ ಅಡ್ಡ ನಿಂತು ಕೈ ಎತ್ತಿಬಿಟ್ಟಳು. ಡ್ರೈವರ್ ಹಾರನ್ ಹೊಡೆದ. ಅವಳು ಕದಲಲಿಲ್ಲ. ಉಸಿರು ತಿರುಗಿದ ಮೇಲೆ, ಕಿಟಕಿಯಿಂದ ಜನ ಎಲ್ಲ ಇಣುಕಿ ನೋಡುತ್ತಿರುವಾಗ, ಕಿವಿ ಎತ್ತಿ ಹಿಡಿದು ಕೇಳಿದಳು:

"ಅಳಿಯಂದ್ರೆ, ಎರಡು ಕಿವಿ ಇದ್ದಾಗ ಈ ಕಿವೀನೇ ಯಾಕೆ ತಂದ್ರಿ?"

ಮಾವ ಕೆಳಗಿಳಿದ. ಅವನ ಮುಖ ಕೆಂಪಾಗಿತ್ತು. ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಚೀಲದ ಹಿಡಿ ತಿರುಚಿದ.

"ಆ ಕಡೆ ಕಿವಿ ಹರಿದಿತ್ತು ಅತ್ತೆ. ಆರಕ್ಕೂ ಹರಿದಿತ್ತು. ನಾಯಿ ಕೈಲಿ ಕಡಿಸಿದ್ದಾನೆ, ಸರಿಯಾಗಿ ನೋಡ್ಕಂಡಿಲ್ಲ ಅಂತ ನೀವು ಬೈಕಂತೀರಿ ಅಂತ... ಚೆನ್ನಾಗಿರೋದು ನೋಡಿ ಕೊಯ್ಕಂಡು ಬಂದೆ."

ಬಸ್ಸಿನಲ್ಲಿ ಯಾರೋ ಕುರಿಯವರು ಗೊಳ್ಳೆಂದು ನಕ್ಕರು. ಅಜ್ಜಿ ನಗಲಿಲ್ಲ. ಅತ್ತೆ ಮನೆಗೆ ಒಯ್ಯುವ ವಸ್ತು ಎಂದು ಇದ್ದುದರಲ್ಲಿ ಒಳ್ಳೆಯ ಕಿವಿ ಆರಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದವನನ್ನು ಅವಳು ನೋಡುತ್ತ ನಿಂತಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ತಪ್ಪು ನಂದು. ಕಿವಿ ತರ್ರಿ ಅಂದೆ, ಗುರ್ತು ಇರೋದು ತರ್ರಿ ಅಂತ ಹೇಳ್ಲಿಲ್ಲ. ಆರೂ ಕುರಿ ನಮ್ಮ ಲೆಕ್ಕ. ಬರ್ರಿ, ಹೋಳಿಗೆ ಆರೋಗ್ತಾವೆ, ಮನೆಗೆ ಹೋಗಾಣ."

ಮೂವರೂ ವಾಪಸು ನಡೆದೆವು. ದಾರಿಯಲ್ಲಿ ಅಜ್ಜಿ ಇದ್ದಕ್ಕಿದ್ದಂತೆ ನಿಂತು, ನಿನ್ನ ಕುರಿ ಹೋಯಿತಲ್ಲೇ ಎಂದಳು. ಆಗ ನನಗೆ ಅಳು ಬಂತು. ಅಲ್ಲಿಯವರೆಗೆ ಹಾಸ್ಟೆಲ್ಲಿನ ಯೋಚನೆಯಲ್ಲಿ ಬೊಟ್ಟಿಗೆ ಅಳಲು ಪುರುಸೊತ್ತೇ ಆಗಿರಲಿಲ್ಲ. ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲು ಬಂದ. ಏಳನೇ ಕ್ಲಾಸಿನವಳು ನಾನು, ಬೇಡವೆಂದು ಕೈ ಹಿಡಿದುಕೊಂಡು ನಡೆದೆ. ಬೊಟ್ಟಿಯೇ ಕೊನೆಗೆ ಹೋದದ್ದು, ಮೂರು ದಿನ ಗಂಜಿ ಕುಡಿಸಿದೆ, ಮನೆಯೊಳಗೇ ಮಲಗಿಸಿಕೊಂಡಿದ್ದೆ ಎಂದು ಅವನು ಹೇಳಿದ.

ಮನೆಗೆ ಬಂದಾಗ ಅಜ್ಜಿ ಹೊಸಿಲಲ್ಲೇ ನಿಂತು ನಡೆದದ್ದನ್ನು ಹೇಳಿದಳು. ಅಪ್ಪ ತಪ್ಪಾ‌ಯಿತು ಎನ್ನುವ ಆಸಾಮಿಯಲ್ಲ. ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದು, ಅವ್ವ ಮಾಡಬೇಕಾದ ಕೆಲಸ ಅದು, ತಾನೇ ಬಗ್ಗಿ ಮಾವನ ಕೆಸರು ಕಾಲಿಗೆ ಸುರಿದ. ಮಾವ ಬೇಡ ಭಾವ ಎಂದರೂ ಬಿಡಲಿಲ್ಲ. ಗಂಗತ್ತೆ ಆಗ ಚೀಲ ಕೆಳಗಿಟ್ಟಳು. ಊಟಕ್ಕೆ ಕೂತಾಗ ಅಜ್ಜಿ ಗಂಡಸರ ಸಾಲಿನಲ್ಲಿ ನನಗೂ ಮಣೆ ಹಾಕಿಸಿ, ಮೊದಲ ಹೋಳಿಗೆ ನನ್ನ ತಟ್ಟೆಗೆ ಹಾಕಿ, ಮೇಲೆ ತುಪ್ಪ ಸುರಿದು, "ಇವತ್ತು ಈ ಮನೆ ನೆಂಟಸ್ತಿಕೆ ಉಳಿಸಿದ್ದು ನಮ್ಮ ಬಾಗಮ್ಮ" ಎಂದಳು. ನನಗೆ ಆಮೇಲೆ ಶಾಲೆಯಲ್ಲಿ, ಕೆಲಸದಲ್ಲಿ ಹೊಗಳಿಕೆ ಸಿಕ್ಕಿದೆ. ಒಂದೆರಡು ಸಲ ಶಾಲೂ ಹೊದಿಸಿದ್ದಾರೆ. ಆ ಹೋಳಿಗೆಯ ಮುಂದೆ ಅವು ಯಾವುವೂ ಇಲ್ಲ, ಬಿಡಿ.

ಸಿರಿಗೆರೆ ಹೋಯಿತೆಂದೇ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಯುಗಾದಿ ಕಳೆದ ಮೇಲೆ ಒಂದು ದಿನ ರೇವಣ್ಣ ಮಾವ ಬಸ್ಸಿನಿಂದ ಒಂದು ಕುರಿ ಇಳಿಸಿಕೊಂಡು ಬಂದ. ಮೈಯೆಲ್ಲ ಕಪ್ಪು, ಹಣೆಯಲ್ಲಿ ಬಿಳಿ ಬೊಟ್ಟು. ಬೊಟ್ಟಿಯ ಮಗಳು. ಪಾಲಿನ ಲೆಕ್ಕದಲ್ಲಿ ಅದು ಅವನಿಗೆ ಬಂದದ್ದು, ನಮಗೆ ಕೊಡಬೇಕಾದ್ದೇ ಇಲ್ಲ. ಅಜ್ಜಿ ಅದನ್ನೇ ಹೇಳಿದಳು. ಮಾವ ಸುಮ್ಮನೆ ಅದರ ಎಡಗಿವಿ ತಿರುಗಿಸಿ ತೋರಿಸಿದ. ನಮ್ಮ ಮನೆಯ ಕಚ್ಚು! ತಾನೇ ಬ್ಲೇಡು ಹಿಡಿದು ಹಾಕಿದ್ದನಂತೆ. ಕೈ ತಪ್ಪಿ ಬೇವಿನೆಲೆಯ ತುದಿಯ ಬದಲು ಹೊಂಗೆ ಎಲೆಯಷ್ಟು ದೊಡ್ಡದು ಹಾಕಿದ್ದ, ಕಾಲು ಭಾಗ ಕಿವಿಯೇ ಹೋಗಿತ್ತು. ಅಜ್ಜಿ ಆ ಕಿವಿ ನೋಡಿ ನಕ್ಕಳು, ನಗುನಗುತ್ತ ಕಣ್ಣೊರೆಸಿಕೊಂಡಳು. ಅದು ಗಬ್ಬವಾಗಿತ್ತು. ಅದರ ಮರಿಗಳೇ ಹಾಸ್ಟೆಲ್ಲಿನ ಮೂರು ವರ್ಷ ನೋಡಿಕೊಂಡವು. ಟ್ರಂಕು, ಹಾಸಿಗೆ ಮಾತ್ರ ಅಪ್ಪ ತನ್ನ ಟಗರು ಮಾರಿ ತಂದ. ಟ್ರಂಕಿನ ತಳದಲ್ಲಿ ಅಜ್ಜಿ ಒಂದು ಬಿಳಿ ಬಟ್ಟೆಯ ಗಂಟು ಇಟ್ಟಿದ್ದಳು. ಹಾಸ್ಟೆಲ್ಲಿನಲ್ಲಿ ಪಕ್ಕದ ಹಾಸಿಗೆಯ ಮಂಜುಳ ಅದನ್ನು ಬಿಚ್ಚಿ, ಕಿವಿ ನೋಡಿ, ವಾರ್ಡನ್ ಓಡಿಬರುವ ಹಾಗೆ ಚೀರಿದಳು. ಆಮೇಲೆ ಕಥೆ ಕೇಳಿ ಅವಳೇ ಅದನ್ನು ಮತ್ತೆ ಮಡಚಿ ಇಟ್ಟಳು. ಅಂದಿನಿಂದ ನಾವಿಬ್ಬರೂ ಒಂದೇ ತಟ್ಟೆ.

ಈಗ ಹೊಳಲ್ಕೆರೆಯಲ್ಲಿ ಪಶು ಆಸ್ಪತ್ರೆಯ ಕೆಲಸದಲ್ಲಿದ್ದೇನೆ. ಆಷಾಢಕ್ಕೆ ಮೊದಲೇ ಹಟ್ಟಿ ಹಟ್ಟಿ ತಿರುಗಿ ನೀಲಿ ನಾಲಿಗೆಗೆ ಸೂಜಿ ಹಾಕುತ್ತೇನೆ. ಕುರಿ ಕಿವಿಗೆ ಹಳದಿ ಬಿಲ್ಲೆ ಹಾಕುವುದೂ ನಾನೇ. ಅಜ್ಜಿ ಇಲ್ಲ. ರೊಪ್ಪದ ಜಾಗದಲ್ಲಿ ನನ್ನ ತಮ್ಮ ತಾರಸಿ ಮನೆ ಕಟ್ಟಿದ್ದಾನೆ. ಪಾಲಿಗೆ ಕುರಿ ಕೊಡುವವರು ನಮ್ಮ ಹಟ್ಟಿಯಲ್ಲಿ ಒಬ್ಬರೂ ಉಳಿದಿಲ್ಲ. ರೇವಣ್ಣ ಮಾವನ ಅಂಗಡಿ ಹೊಸದುರ್ಗದಲ್ಲಿ ಇನ್ನೂ ಇದೆ, ಮಗ ನೋಡಿಕೊಳ್ಳುತ್ತಾನೆ. ಹೋದರೆ ಈಗಲೂ ಬಾಗಮ್ಮ ಬಂದ್ಳು ಎಂದು ಎದ್ದು ನಿಲ್ಲುತ್ತಾನೆ ಮಾವ.

ಮೂರು ವರ್ಷದ ಹಿಂದೆ ಮಂಜುಳ ಹೊಸದುರ್ಗದಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಹಾಕುತ್ತೇನೆ, ಒಂದು ಲಕ್ಷ ಬೇಕು ಎಂದು ಫೋನ್ ಮಾಡಿದಳು. ನಾನು ಕುರ್ಚಿಯಿಂದ ಏಳಲೂ ಇಲ್ಲ. ಮೊಬೈಲಿನಲ್ಲಿ ಎರಡು ಸಲ ಬೆರಳು ಒತ್ತಿದೆ, ಹೋಯಿತು. ಅಂಗಡಿ ಒಂದೂವರೆ ವರ್ಷಕ್ಕೆ ಮುಚ್ಚಿತಂತೆ. ಅದೂ ಬೇರೆಯವರಿಂದ ತಿಳಿಯಿತು. ಮೊದಲು ಅವಳ ಫೋನ್ ಕಡಿಮೆಯಾಯಿತು, ಆಮೇಲೆ ನಿಂತಿತು. ಹೋದ ತಿಂಗಳು ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು, ಬೇಕರಿಯೊಂದಕ್ಕೆ ನುಗ್ಗಿ, ಕೊಳ್ಳುವುದೇನೂ ಇಲ್ಲದೆ ಗಾಜಿನ ಪೆಟ್ಟಿಗೆ ನೋಡುತ್ತ ನಿಂತಳು. ಅವಳ ಬೆನ್ನು ನನಗೆ ಗುರುತು ಸಿಗುವುದಿಲ್ಲವೇ? ಮೋಸಗಾರ್ತಿಯಲ್ಲ ಅವಳು. ತಂದು ತೋರಿಸಲು ಅವಳ ಕೈಯಲ್ಲಿ ಏನೂ ಇಲ್ಲ ಅಷ್ಟೇ. ಸೋತವರು ತಲೆ ಎತ್ತಿ ಬಾಗಿಲಿಗೆ ಬರಲು ಅಜ್ಜಿ ಒಂದು ದಾರಿ ಇಟ್ಟಿದ್ದಳು. ನಾನು ದುಡ್ಡು ಕೊಟ್ಟೆ, ದಾರಿ ಕೊಡಲಿಲ್ಲ. ಬಸ್ಸು ಬಂತು, ನಾನು ಹತ್ತಿ ಬಂದುಬಿಟ್ಟೆ.

ಬೊಟ್ಟಿಯ ಕಿವಿ ಅದೇ ಬಟ್ಟೆಯಲ್ಲಿ ಬೀರುವಿನಲ್ಲಿದೆ. ನಿನ್ನೆ ತೆಗೆದು ನೋಡಿದೆ, ಕೂದಲೆಲ್ಲ ಉದುರಿ ತೂತು ಈಗ ಕಣ್ಣಿಗೇ ಕಾಣುತ್ತದೆ. ಅರವತ್ತೈದರಲ್ಲಿ ನಮ್ಮಜ್ಜಿ ಕೆಸರಿನಲ್ಲಿ ಒಂದು ಮೈಲಿ ಓಡಿ ಬಸ್ಸಿಗೆ ಅಡ್ಡ ನಿಂತಳು. ನನಗಿನ್ನೂ ನಲವತ್ತಾಗಿಲ್ಲ, ಮಂಡಿಯೂ ಚೆನ್ನಾಗಿದೆ, ಹೊಸದುರ್ಗಕ್ಕೆ ಗಂಟೆಗೊಂದು ಬಸ್ಸಿದೆ. ನಾನಿನ್ನೂ ಎದ್ದಿಲ್ಲ.